ಕುಣಿತವೂ ಮದ್ದೂ: ನಮ್ಮ ಸೀಮೆಯ ಒಂದು ಹಳೆಯ ಲೆಕ್ಕ



ನಿಮಗೆ ಒಂದು ಪ್ರಶ್ನೆ ಹಾಕಿ ನನ್ನ ಮಾತನ್ನು ಆರಂಭಿಸುತ್ತೇನೆ. ಊರ ಮಾರಮ್ಮನ ಗುಡಿಯ ಮುಂದೆ ತಮಟೆಯ ಸದ್ದು ಎದ್ದಾಗ ನಿಮ್ಮ ಕಾಲು ತಾನಾಗಿಯೇ ನೆಲ ತಟ್ಟಿದ್ದುಂಟೇ? ಉಂಟು ಎಂದೇ ನನ್ನ ನಂಬಿಕೆ. ಹೊಸೂರು, ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು, ಬೇರಿಕೆ, ಶೂಲಗಿರಿ, ಕೃಷ್ಣಗಿರಿ ಈ ಕಡೆಯಲ್ಲಿ ಹುಟ್ಟಿ ಬೆಳೆದ ಯಾರಿಗೂ ಆ ಸದ್ದು ಹೊಸದಲ್ಲ. ನಮಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಪಕ್ಕದ ಮನೆಯವರ ಜೊತೆ ತೆಲುಗು. ಗುಡಿಯ ಮುಂದೆ ಮಾತ್ರ ಮೂರು ಭಾಷೆಯವರೂ ಒಂದೇ ಹೆಜ್ಜೆ ಹಾಕುತ್ತೇವೆ.

ಆ ಹೆಜ್ಜೆ ಎಲ್ಲಿಂದ ಬಂತು? ಸಂತೋಷಕ್ಕಾಗಿ ಕುಣಿದದ್ದು ಎಂದು ಈಗಿನ ಮಕ್ಕಳು ಹೇಳುತ್ತಾರೆ. ನಮ್ಮ ಅಜ್ಜಿಯಂದಿರನ್ನು ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತು. ಕಾಯಿಲೆ ಬಂದದ್ದಕ್ಕೆ, ಕಾಯಿಲೆ ಹೋದದ್ದಕ್ಕೆ, ಕಾಯಿಲೆ ಮತ್ತೆ ಬಾರದಿರಲಿ ಎಂಬುದಕ್ಕೆ ಕುಣಿದೆವು ಎನ್ನುತ್ತಿದ್ದರು. ಹಾಗಾದರೆ ಕುಣಿತದಿಂದ ಕಾಯಿಲೆ ವಾಸಿಯಾಗುತ್ತಿತ್ತೇ? ಆಗುತ್ತಿತ್ತು ಎಂದು ಕೆಲವರು ಪ್ರಮಾಣ ಮಾಡುತ್ತಾರೆ. ಎಲ್ಲವೂ ಮೂಢನಂಬಿಕೆ ಎಂದು ಕೆಲವರು ತಳ್ಳಿಹಾಕುತ್ತಾರೆ. ನಾನು ಎಸ್.ಎಸ್.ಎಲ್.ಸಿ. ಪಾಸು ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದು ನಿವೃತ್ತನಾದವನು. ವೈದ್ಯನೂ ಅಲ್ಲ, ಪಂಡಿತನೂ ಅಲ್ಲ. ಆದರೆ ಜಮೆಯನ್ನು ಖರ್ಚಿನ ಕಡೆಗೆ, ಖರ್ಚನ್ನು ಜಮೆಯ ಕಡೆಗೆ ಬರೆಯಬಾರದು ಎಂಬುದಷ್ಟು ಗೊತ್ತು. ಈ ಕುಣಿತದ ಲೆಕ್ಕವನ್ನು ಹಾಗೆಯೇ ಎರಡು ಕಡೆ ಬರೆದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಮ್ಮ ನೆಲದ ವಿಚಾರ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕೃಷ್ಣಗಿರಿ ಕಡೆಯ ಬಾರಾಮಹಲ್ ಸೀಮೆ ಟಿಪ್ಪುವಿನ ಕೈಬಿಟ್ಟು ಕಂಪನಿಯವರ ವಶವಾಯಿತು. ಹೊಸೂರು ಭಾಗ 1799ರಲ್ಲಿ ಸೇರಿತು. ಮುಂದೆ ನಾವು ಬಹುಕಾಲ ಸೇಲಂ ಜಿಲ್ಲೆಯಲ್ಲಿದ್ದೆವು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಬಂದೆವು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಜ್ವರ, ಬೇಧಿ, ಸಿಡುಬು ಯಾವ ಗಡಿಯನ್ನೂ ಕೇಳಿಕೊಂಡು ಬರಲಿಲ್ಲ. ಅವನ್ನು ಎದುರಿಸಲು ಜನರು ಕಟ್ಟಿದ ಗುಡಿಗಳಿಗೂ ಗಡಿ ಇರಲಿಲ್ಲ. ಕನ್ನಡದವರಿಗೆ ಮಾರಮ್ಮ, ತಮಿಳಿನವರಿಗೆ ಮಾರಿಯಮ್ಮನ್, ತಾಯಿ ಒಬ್ಬಳೇ.

ಸಿಡುಬು ಎಂದರೆ ಏನೆಂದು ಇಂದಿನ ತರುಣರಿಗೆ ತಿಳಿಯದು. ತಿಳಿಯದಿರುವುದೇ ಅವರ ಪುಣ್ಯ. ಅದು ಬಂದ ಹತ್ತು ಮಂದಿಯಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಉಳಿದವರಲ್ಲಿ ಅನೇಕರಿಗೆ ಮುಖದ ತುಂಬ ಕಲೆ, ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ಕಾಯಿಲೆಯ ಹೆಸರನ್ನು ಹೇಳುವುದಕ್ಕೂ ಜನ ಅಂಜುತ್ತಿದ್ದರು. ‘ಅಮ್ಮ ಬಂದವಳೆ’ ಎನ್ನುತ್ತಿದ್ದರು. ತಮಿಳಿನಲ್ಲಿಯೂ ‘ಅಮ್ಮೈ’ ಎಂದೇ ಹೆಸರು. ನನ್ನ ಅಜ್ಜಿ ಹೇಳುತ್ತಿದ್ದಂತೆ, ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಒಗ್ಗರಣೆ ಹಾಕುವಂತಿಲ್ಲ, ನೆಂಟರು ಬರುವಂತಿಲ್ಲ, ಆ ಮನೆಯವರು ಮದುವೆಮುಂಜಿಗೆ ಹೋಗುವಂತಿಲ್ಲ. ಮಲಗಿದವರ ಹತ್ತಿರ ಒಬ್ಬರೇ ಇದ್ದು ಬೇವಿನ ಎಸಳಿನಿಂದ ಮೈ ಸವರಬೇಕು. ಹೊಟ್ಟೆಗೆ ಅಂಬಲಿ, ಎಳನೀರು. ಮೂರು ಸಲ ತಲೆಗೆ ನೀರು ಹಾಕಿದ ಮೇಲೆಯೇ ಆ ಮನೆ ಊರಿಗೆ ಮತ್ತೆ ಸೇರುವುದು.

ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ಒಗ್ಗರಣೆಗೂ ಸಿಡುಬಿಗೂ ಸಂಬಂಧವಿಲ್ಲ. ಆದರೆ ನೆಂಟರನ್ನು ತಡೆದದ್ದು, ರೋಗಿಯನ್ನು ಬೇರೆ ಇಟ್ಟದ್ದು ಒಳ್ಳೆಯ ವೈದ್ಯಕೀಯವೇ ಹೌದು. ಕೊನೆಗೆ ಬರುವುದು ಕುಣಿತ. ಬದುಕಿ ಉಳಿದ ಮಗುವನ್ನು ಕರೆದುಕೊಂಡು, ತಂಬಿಟ್ಟಿನ ಆರತಿ ಹೊತ್ತು, ತಮಟೆಯ ಮುಂದೆ ಹೆಜ್ಜೆ ಹಾಕುತ್ತಾ ಊರೆಲ್ಲ ಗುಡಿಗೆ ಹೋಗುತ್ತಿತ್ತು. ವಾರಗಟ್ಟಲೆ ಯಾರೂ ಮುಟ್ಟದಿದ್ದ ಮನೆಯವರನ್ನು ಅಂದು ಎಲ್ಲರೂ ಮುಟ್ಟುತ್ತಿದ್ದರು. ಕಲೆ ಬಿದ್ದ ಮುಖದ ಮಗು ಮೆರವಣಿಗೆಯ ಮುಂದೆ ಇರುತ್ತಿತ್ತು. ಕುಣಿತ ಸಿಡುಬನ್ನು ಓಡಿಸಲಿಲ್ಲ. ಸಿಡುಬು ಮುಗಿದ ಮೇಲೆ ಆ ಮನೆಯ ಸುತ್ತ ಉಳಿದಿದ್ದ ಭಯವನ್ನು ಓಡಿಸಿತು. ಸಿಡುಬನ್ನು ಓಡಿಸಿದ್ದು ಲಸಿಕೆ. 1975ರ ಮೇ ತಿಂಗಳಿನಲ್ಲಿ ನಮ್ಮ ದೇಶದ ಕೊನೆಯ ಸಿಡುಬಿನ ರೋಗಿ ಕಂಡುಬಂದರು. 1980ರಲ್ಲಿ ಪ್ರಪಂಚವೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮ್ಮ ತೋಳಿನ ಮೇಲಿನ ಗುಂಡನೆಯ ದೇವಿಡಾಕಿನ ಗುರುತೇ ಅದಕ್ಕೆ ಸಾಕ್ಷಿ. ಈ ಜಮೆಯನ್ನು ಲಸಿಕೆಯ ಹೆಸರಿನಲ್ಲಿಯೇ ಬರೆಯಬೇಕು.

ಪ್ಲೇಗಿನ ಕತೆಯೂ ಹಾಗೆಯೇ. 1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಬೆಂಗಳೂರಿಗೂ ಹೊಸೂರಿಗೂ ಇರುವುದು ಸುಮಾರು 40 ಕಿಲೋಮೀಟರು ಮಾತ್ರ. ಗಾಡಿಯಲ್ಲಿ ಎರಡು ದಿನದ ದಾರಿಯೂ ಅಲ್ಲ. ಇಲಿ ಸತ್ತು ಬಿದ್ದರೆ ಊರು ಬಿಡಬೇಕು ಎಂಬುದನ್ನು ಹಳ್ಳಿಯವರು ಬೇಗ ಕಲಿತರು. ಮನೆಗೆ ಬೀಗ ಹಾಕಿ ತೋಪಿನಲ್ಲಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದ ಕತೆಗಳನ್ನು ಗಡಿಯ ಎರಡೂ ಕಡೆಯ ಮುದುಕರು ಹೇಳುತ್ತಿದ್ದರು. ಪ್ಲೇಗಿಗೂ ಒಬ್ಬ ಅಮ್ಮ ಹುಟ್ಟಿದಳು. ಬೆಂಗಳೂರಿನಲ್ಲಿಯೂ ಕೊಯಮತ್ತೂರಿನಲ್ಲಿಯೂ ಪ್ಲೇಗು ಮಾರಿಯಮ್ಮನ ಗುಡಿಗಳು ಇಂದಿಗೂ ಇವೆ. ಅದೇ 1898ರಲ್ಲಿ ಕರಾಚಿಯಲ್ಲಿ ಕೆಲಸ ಮಾಡುತ್ತಿದ್ದ ಸಿಮಂಡ್ ಎಂಬ ಫ್ರೆಂಚ್ ವೈದ್ಯರು, ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಹರಡುವುದು ಎಂದು ತೋರಿಸಿದರು. ಅಂದರೆ ಇಲಿ ಬಿದ್ದ ಊರನ್ನು ಬಿಟ್ಟು ಹೋದ ನಮ್ಮ ಹಿರಿಯರು ಕಾರಣ ಗೊತ್ತಿಲ್ಲದೆಯೇ ಸರಿಯಾದದ್ದನ್ನು ಮಾಡಿದ್ದರು.

ಆದರೆ ಇಲ್ಲಿ ಖರ್ಚಿನ ಕಡೆಯೂ ಒಂದು ಸಾಲು ಬರೆಯಬೇಕು. ಕಾಯಿಲೆ ಇಳಿಯುವ ಮೊದಲೇ ಜನ ಗುಂಪುಗೂಡಿ ಜಾತ್ರೆ ಮಾಡಿದ ಕಡೆಯಲ್ಲೆಲ್ಲ ಕಾಯಿಲೆ ಇನ್ನಷ್ಟು ಹರಡಿತು. ಕಾಲರಾ ರೋಗವಂತೂ ಜಾತ್ರೆಗಳಿಂದ ಊರೂರಿಗೆ ಹೋಗುತ್ತಿತ್ತು. 1897ರಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದದ್ದು ಪ್ಲೇಗಿಗಾಗಿ. 123 ವರ್ಷಗಳ ನಂತರ, 2020ರಲ್ಲಿ ಕೊರೋನಾ ಬಂದಾಗಲೂ ಅದೇ ಕಾಯಿದೆಯನ್ನು ಬಳಸಿದರು. ಆ ವರ್ಷ ಮತ್ತು 2021ರಲ್ಲಿ ಬೆಂಗಳೂರಿನ ಕರಗವೂ ಬೀದಿಗೆ ಬರಲಿಲ್ಲ; ಗುಡಿಯ ಒಳಗೇ ಪೂಜೆ ಮುಗಿಸಿದರು. ಕಾಯಿಲೆಗಾಗಿ ಹುಟ್ಟಿದ ಕುಣಿತವನ್ನೇ ಕಾಯಿಲೆಗಾಗಿ ನಿಲ್ಲಿಸಬೇಕಾಯಿತು. ಅದು ಸರಿಯಾದ ತೀರ್ಮಾನವೇ.

ಕರಗದ ಮಾತು ಬಂದಿತಲ್ಲ, ಅದರ ದೇಹಶ್ರಮವನ್ನು ನೀವು ಎಂದಾದರೂ ಲೆಕ್ಕ ಹಾಕಿದ್ದೀರಾ? ದ್ರೌಪದಿಯ ಕರಗ ಬೆಂಗಳೂರಿಗೆ ಮಾತ್ರ ಸೇರಿದ್ದಲ್ಲ. ಆನೇಕಲ್ಲು, ಮಾಲೂರು, ಹೊಸೂರು ಎಂದು ಈ ಬಯಲಿನ ಉದ್ದಕ್ಕೂ ಅದು ನಡೆಯುತ್ತದೆ. ಹೂವಿನ ಕರಗವನ್ನು ತಲೆಯ ಮೇಲಿಟ್ಟು, ಕೈಯಿಂದ ಹಿಡಿಯದೆ, ರಾತ್ರಿಯಿಡೀ ಬೀದಿ ಬೀದಿ ನಡೆಯಬೇಕು. ಹೊರುವವರು ಅದಕ್ಕಾಗಿ ವ್ರತ ಹಿಡಿದು, ಊಟ ನಿದ್ರೆಗಳನ್ನು ಹತೋಟಿಗೆ ತಂದು, ಕಾಲು ಕತ್ತು ಸೊಂಟಗಳನ್ನು ಪಳಗಿಸುತ್ತಾರೆ. ಸುತ್ತ ಕತ್ತಿ ಹಿಡಿದು ನಡೆಯುವ ವೀರಕುಮಾರರು ಗರಡಿ ಮನೆಯಲ್ಲಿ ಸಾಮು ಮಾಡಿದವರು. ತಮಿಳರ ಕರಗಾಟ್ಟದಲ್ಲಿಯೂ ಎರಡು ಬಗೆ. ಗುಡಿಗೆ ಸೇರಿದ್ದು ಶಕ್ತಿ ಕರಗ, ಜನರ ಮುಂದೆ ಆಡುವುದು ಆಟದ ಕರಗ. ಎರಡಕ್ಕೂ ಬೇಕಾದದ್ದು ಮೈಯ ಸಮತೋಲ. ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುವುದೇ ಈಗಿನ ವೈದ್ಯರ ದೊಡ್ಡ ಚಿಂತೆಯಾಗಿರುವಾಗ, ಸಮತೋಲವನ್ನು ಕಲಿಸುವ ಒಂದು ವಿದ್ಯೆ ನಮ್ಮ ಬೀದಿಯಲ್ಲಿಯೇ ಇತ್ತು ಎಂಬುದು ಸಣ್ಣ ಮಾತಲ್ಲ.

ದ್ರೌಪದಿಯ ಗುಡಿಯಲ್ಲಿ ನಡೆಯುವ ಭಾರತದ ಉತ್ಸವವನ್ನು ನೀವು ಕಂಡೇ ಇರುತ್ತೀರಿ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ ಅದು ಬಹಳ ದೊಡ್ಡದು. ಹಗಲು ಭಾರತ ಪಾರಾಯಣ, ರಾತ್ರಿ ತೆರುಕೂತ್ತು, ಕೊನೆಯ ದಿನ ಮಣ್ಣಿನ ದುರ್ಯೋಧನ. ಅದರಲ್ಲಿ ಅರ್ಜುನನ ತಪಸ್ಸಿನ ದಿನವನ್ನು ಜ್ಞಾಪಿಸಿಕೊಳ್ಳಿ. ವೇಷಧಾರಿ ಹಾಡುತ್ತಾ ಎತ್ತರದ ತಪಸ್ಸಿನ ಕಂಬವನ್ನು ಏರುತ್ತಾನೆ. ಕೆಳಗೆ ಮಕ್ಕಳಿಲ್ಲದ ಹೆಂಗಸರು ಒದ್ದೆ ಸೀರೆಯಲ್ಲಿ ಕಂಬ ಸುತ್ತಿ ಮಡಿಲು ಒಡ್ಡುತ್ತಾರೆ. ಮೇಲಿನಿಂದ ಅವನು ಎಸೆಯುವ ನಿಂಬೆಹಣ್ಣು, ಬಿಲ್ವಪತ್ರೆ, ವಿಭೂತಿ ಅವರ ಮಡಿಲಿಗೆ ಬಿದ್ದರೆ ಮಗುವಾಗುತ್ತದೆಂಬ ನಂಬಿಕೆ.

ನಿಂಬೆಹಣ್ಣಿನಿಂದ ಮಗುವಾಗುವುದಿಲ್ಲ. ಗಂಡನಲ್ಲಿ ದೋಷವಿದ್ದರೂ ಹೆಂಡತಿಯನ್ನೇ ಕಂಬ ಸುತ್ತಿಸಿದ್ದು ಅನ್ಯಾಯವೂ ಹೌದು. ಆದರೂ ಒಂದು ವಿಷಯ ನನ್ನ ಮನಸ್ಸಿಗೆ ನಾಟಿದೆ. ಬೇರೆ ಯಾವ ಶುಭಕಾರ್ಯದಲ್ಲಿಯೂ ಆ ಹೆಣ್ಣುಮಕ್ಕಳನ್ನು ಹಿಂದೆ ಸರಿಸುತ್ತಿದ್ದರು. ಸೀಮಂತಕ್ಕೆ ಕರೆಯುತ್ತಿರಲಿಲ್ಲ, ತೊಟ್ಟಿಲು ಮುಟ್ಟಗೊಡುತ್ತಿರಲಿಲ್ಲ. ಆ ಒಂದು ದಿನ ಇಡೀ ಊರು ಅವರಿಗೆ ದಾರಿ ಬಿಟ್ಟು ಮುಂದೆ ನಿಲ್ಲಿಸುತ್ತಿತ್ತು. ಸಾವಿರಾರು ಜನ ಅವರ ಮಡಿಲು ತುಂಬಲಿ ಎಂದು ಒಟ್ಟಿಗೆ ಕೂಗುತ್ತಿದ್ದರು. ಹಿಂದೆ ನಿಂತವರನ್ನು ಮುಂದಕ್ಕೆ ತರುವ ಈ ಗುಣವೇ ನಮ್ಮ ಕುಣಿತಗಳ ನಿಜವಾದ ಔಷಧಿ ಎಂದು ನನಗೆ ಅನ್ನಿಸಿದೆ. ಅದು ಅನ್ನಿಸಿದ್ದು ಪುಸ್ತಕದಿಂದಲ್ಲ, ನಮ್ಮ ಮನೆಯಲ್ಲಿ ನಡೆದದ್ದರಿಂದ.

ನನಗೆ ಹತ್ತು ಹನ್ನೊಂದು ವರ್ಷವಿರುವಾಗ ನನ್ನ ದೊಡ್ಡಕ್ಕ ತನ್ನ ಮೊದಲ ಮಗುವನ್ನು ಜ್ವರದಲ್ಲಿ ಕಳೆದುಕೊಂಡು ತವರಿಗೆ ಬಂದಳು. ಮಾತಿಲ್ಲ, ಊಟವಿಲ್ಲ. ಒರಳುಕಲ್ಲಿನ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತವಳು ಸಂಜೆಯವರೆಗೂ ಹಾಗೆಯೇ ಇರುತ್ತಿದ್ದಳು. ಬಂದವರೆಲ್ಲ ‘ಅಳಬೇಡಮ್ಮ, ಇನ್ನೊಂದು ಆಗುತ್ತೆ’ ಎಂದು ಹೇಳಿ ಹೋಗುತ್ತಿದ್ದರು. ಆಡಿ ತಿಂಗಳು ಬಂತು. ಮಾರಮ್ಮನ ಗುಡಿಯಲ್ಲಿ ಅಂಬಲಿ ಹುಯ್ಯುವ ದಿನ ಅವ್ವ ಅವಳನ್ನು ಕೈಹಿಡಿದು ಕರೆದುಕೊಂಡು ಹೋದಳು. ತಮಟೆ ಜೋರಾಯಿತು. ಹೆಂಗಸರು ಕುಮ್ಮಿ ಹೊಡೆಯುತ್ತಾ ಸುತ್ತುತ್ತಿದ್ದರು. ಅಕ್ಕ ಎದ್ದಳು. ಮೊದಲು ತೂಗಿದಳು, ಆಮೇಲೆ ತಲೆಗೂದಲು ಬಿಚ್ಚಿಹೋಗುವಂತೆ ಕುಣಿದಳು, ಕಿರುಚಿದಳು. ‘ಸಾಮಿ ಬಂದೈತೆ’ ಎಂದು ಜನ ಜಾಗ ಬಿಟ್ಟರು. ಯಾರೋ ಬೇವಿನ ಸೊಪ್ಪು ಕೈಗೆ ಕೊಟ್ಟರು, ಯಾರೋ ಬೀಳದಂತೆ ಸೊಂಟ ಹಿಡಿದರು. ಕೊನೆಗೆ ನೆಲಕ್ಕೆ ಕುಸಿದು ಬಹಳ ಹೊತ್ತು ಅತ್ತಳು. ನಾನು ಹೆದರಿ ಅವ್ವನ ಸೆರಗು ಹಿಡಿದು ನಿಂತಿದ್ದೆ. ಮಾರನೆಯ ದಿನ ಬೆಳಿಗ್ಗೆ ಅಕ್ಕ ತಾನಾಗಿ ರಾಗಿ ಬೀಸಲು ಕುಳಿತಳು.

ಬಹಳ ವರ್ಷಗಳ ಮೇಲೆ, ಅವಳಿಗೂ ಮೊಮ್ಮಕ್ಕಳಾದ ಮೇಲೆ, ಧೈರ್ಯ ಮಾಡಿ ಕೇಳಿದೆ: ‘ಅಕ್ಕಾ, ಅವತ್ತು ನಿಜವಾಗಿ ದೇವರು ಬಂದಿತ್ತಾ?’ ಅವಳು ನಕ್ಕಳು. ‘ದೇವ್ರು ಬಂದಿತ್ತೋ ಇಲ್ವೋ ನಂಗೊತ್ತಿಲ್ಲ ಕಣಪ್ಪ. ಅವತ್ತು ಒಂದಿನ ಮಾತ್ರ ನನ್ನ ಯಾರೂ ಅಳಬೇಡ ಅನ್ನಲಿಲ್ಲ’ ಎಂದಳು.

ಬಂಧುಗಳೇ, ಇಂಥದ್ದು ನಮ್ಮಲ್ಲಿ ಮಾತ್ರ ಇತ್ತೆಂದು ತಿಳಿಯಬೇಡಿ. ಇಟಲಿ ದೇಶದ ದಕ್ಷಿಣ ತುದಿಯ ಹಳ್ಳಿಗಳಲ್ಲಿ ನೂರಾರು ವರ್ಷ ಒಂದು ಪದ್ಧತಿ ಇತ್ತು. ಹೊಲದಲ್ಲಿ ಕೆಲಸ ಮಾಡುವ ಹೆಂಗಸರು ‘ಜೇಡ ಕಚ್ಚಿತು’ ಎಂದು ಕುಸಿಯುತ್ತಿದ್ದರು. ಮನೆಯವರು ಪಿಟೀಲು, ತಮಟೆಯಂಥ ವಾದ್ಯದವರನ್ನು ಕರೆಸುತ್ತಿದ್ದರು. ಆಕೆ ದಿನಗಟ್ಟಲೆ ಕುಣಿದು ಗುಣವಾಗುತ್ತಿದ್ದಳು. 1959ರಲ್ಲಿ ದೆ ಮಾರ್ಟೀನೋ ಎಂಬ ವಿದ್ವಾಂಸರು ವೈದ್ಯರನ್ನೂ ಸಂಗೀತಗಾರರನ್ನೂ ಕರೆದುಕೊಂಡು ಹೋಗಿ ಅದನ್ನು ಪರೀಕ್ಷಿಸಿದರು. ಅವರು ಕಂಡುಕೊಂಡದ್ದು ಏನೆಂದರೆ, ಬಹುಪಾಲು ಹೆಂಗಸರಿಗೆ ಯಾವ ಜೇಡವೂ ಕಚ್ಚಿರಲಿಲ್ಲ. ಒಲ್ಲದ ಮದುವೆ, ಸಾವು, ಬಡತನ ಇವೇ ಕಚ್ಚಿದ್ದವು. ಬಾಯಿಬಿಟ್ಟು ಹೇಳಲಾಗದ್ದನ್ನು ಅವರು ಕಾಲಿನಿಂದ ಹೇಳುತ್ತಿದ್ದರು. ಇದನ್ನು ಓದಿದಾಗ ನನ್ನ ಅಕ್ಕನ ನೆನಪು ಬಾರದಿರಲು ಸಾಧ್ಯವೇ?

ನಮ್ಮಂತೆಯೇ ಗಡಿಯಲ್ಲಿರುವ ಕಾಸರಗೋಡಿನ ಕನ್ನಡಿಗರಿಗೂ ತುಳುವರಿಗೂ ಆಟಿ ಕಳೆಂಜ ಗೊತ್ತು. ನಮ್ಮ ಆಡಿಯೇ ಅವರ ಆಟಿ. ಮಳೆ ಬಿಡದೆ ಸುರಿಯುವ, ಕಣಜ ಬರಿದಾಗಿರುವ, ಜ್ವರ ಹೆಚ್ಚುವ ಆ ತಿಂಗಳಲ್ಲಿ ಕಳೆಂಜ ವೇಷದವನು ತಾಳೆಗರಿಯ ಕೊಡೆ ಹಿಡಿದು ಮನೆಯಂಗಳದಲ್ಲಿ ಕುಣಿಯುತ್ತಾನೆ. ಮನೆಗೂ ದನಕರುಗಳಿಗೂ ಬಂದ ಮಾರಿಯನ್ನು ಅವನು ಕಳೆಯುತ್ತಾನೆಂಬ ನಂಬಿಕೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಅರಿಶಿನ ಕೊಡುತ್ತಾರೆ. ವೇಷ ಕಟ್ಟುವವರು ಬಡ ನಲಿಕೆ ಜನಾಂಗದವರು. ಮಾರಿ ಕಳೆಯಿತೋ ಬಿಟ್ಟಿತೋ, ಹಸಿವಿನ ತಿಂಗಳಲ್ಲಿ ಒಂದು ಬಡ ಕುಟುಂಬಕ್ಕೆ ಅಕ್ಕಿ ಸಿಕ್ಕಿತು. ಆರೋಗ್ಯದ ಲೆಕ್ಕದಲ್ಲಿ ಅದನ್ನೂ ಬರೆಯಬೇಕು.

ಇಷ್ಟು ಜಮೆ ಹೇಳಿದ ಮೇಲೆ ಖರ್ಚನ್ನು ಮುಚ್ಚಿಡುವುದು ಗುಮಾಸ್ತನಿಗೆ ತಕ್ಕದ್ದಲ್ಲ. ಮೊದಲನೆಯದು, ಯಾವನ ತಮಟೆಗೆ ಊರೆಲ್ಲ ಕುಣಿಯಿತೋ ಅವನನ್ನು ಅನೇಕ ಊರುಗಳಲ್ಲಿ ಗುಡಿಯ ಒಳಕ್ಕೆ ಬಿಡಲಿಲ್ಲ. ಎಲ್ಲರನ್ನೂ ಮುಂದಕ್ಕೆ ತಂದ ಕುಣಿತ ಅವನನ್ನು ಮಾತ್ರ ಹೊರಗೆ ನಿಲ್ಲಿಸಿತು. ಎರಡನೆಯದು, ಕುಣಿತವೇ ಕಾಯಿಲೆಯಾಗುವುದೂ ಉಂಟು. 1518ರಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಪಟ್ಟಣದಲ್ಲಿ ಒಬ್ಬ ಹೆಂಗಸು ಬೀದಿಯಲ್ಲಿ ಕುಣಿಯತೊಡಗಿದಳು, ನಿಲ್ಲಿಸಲಾಗಲಿಲ್ಲ. ಅವಳನ್ನು ನೋಡಿ ನೂರಾರು ಜನಕ್ಕೆ ಅದೇ ಹಿಡಿಯಿತು. ಕುಣಿದು ಕುಣಿದೇ ವಾಸಿಯಾಗಲೆಂದು ಪಟ್ಟಣದ ಅಧಿಕಾರಿಗಳು ವಾದ್ಯದವರನ್ನು ಗೊತ್ತುಮಾಡಿದರು. ಕಾಯಿಲೆ ಇನ್ನೂ ಹೆಚ್ಚಿತು. ಕೊನೆಗೆ ವಾದ್ಯಗಳನ್ನು ನಿಲ್ಲಿಸಬೇಕಾಯಿತು.

ಮೂರನೆಯದು ನಮ್ಮ ಬೀದಿಯದು. ನಮ್ಮ ನೆರೆಮನೆಯ ಒಬ್ಬ ಹುಡುಗನಿಗೆ ಮೂರ್ಛೆ ಬರುತ್ತಿತ್ತು. ಪ್ರತಿ ಅಮಾವಾಸ್ಯೆಗೂ ಅವನನ್ನು ಒಂದು ಕಡೆಗೆ ಕರೆದುಕೊಂಡು ಹೋಗಿ, ದೆವ್ವ ಬಿಡಲೆಂದು ತಮಟೆಗೆ ಬವಳಿ ಬೀಳುವವರೆಗೂ ಕುಣಿಸುತ್ತಿದ್ದರು. ಆರು ವರ್ಷ ಹೀಗೆ ಕಳೆಯಿತು. ಒಂದು ದಿನ ಒಲೆಯ ಮುಂದೆ ಮೂರ್ಛೆ ಬಂದು ಕೈ ಸುಟ್ಟುಕೊಂಡ. ಸುಟ್ಟ ಕೈಗೆ ಔಷಧಿ ಹಾಕಿಸಲು ಆಸ್ಪತ್ರೆಗೆ ಹೋದಾಗ ಅಲ್ಲಿಯ ಡಾಕ್ಟರು ಮೂರ್ಛೆಗೂ ಮಾತ್ರೆ ಬರೆದುಕೊಟ್ಟರು. ಮಾತ್ರೆ ತಪ್ಪಿಸದೆ ತೆಗೆದುಕೊಂಡ ಮೇಲೆ ಮೂರ್ಛೆ ಹತೋಟಿಗೆ ಬಂತು. ಆದರೆ ಮಡಚಿಕೊಂಡ ಎರಡು ಬೆರಳುಗಳು ಮತ್ತೆ ನೇರವಾಗಲಿಲ್ಲ. ಆ ಬೆರಳುಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಾವೆಲ್ಲರೂ ಅವನು ಕುಣಿಯುವುದನ್ನು ನೋಡುತ್ತಾ ನಿಂತಿದ್ದವರೇ.

ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ನಡೆದದ್ದನ್ನು ಯಾರೂ ಮರೆಯುವಂತಿಲ್ಲ. ದರ್ಗಾದ ದೇವರ ಕೃಪೆಯಿಂದ ಗುಣವಾಗಲೆಂದು ಬಂದ ಮಾನಸಿಕ ರೋಗಿಗಳನ್ನು ಒಂದು ಖಾಸಗಿ ಚಪ್ಪರದಲ್ಲಿ ಸರಪಳಿ ಹಾಕಿ ಕಟ್ಟಿದ್ದರು. ಬೆಂಕಿ ಬಿತ್ತು, 28 ಜನ ಸತ್ತರು. ಇದರ ಮರುವರ್ಷ, ಬೆಂಗಳೂರಿನ ನಮ್ಮ ಹೊಸೂರು ರಸ್ತೆಯಲ್ಲಿಯೇ ಇರುವ ನಿಮ್ಹಾನ್ಸ್ ಸಂಸ್ಥೆಯ ಡಾ. ರಘುರಾಮ್ ಮತ್ತು ಸಂಗಡಿಗರು ಒಂದು ಅಧ್ಯಯನವನ್ನು ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ತಮಿಳುನಾಡಿನ ಒಂದು ಹಳ್ಳಿ ದೇವಸ್ಥಾನದಲ್ಲಿ ತಂಗಿದ್ದ 31 ಮಾನಸಿಕ ರೋಗಿಗಳನ್ನು ಬಂದಾಗಲೂ ಹೊರಡುವಾಗಲೂ ಪರೀಕ್ಷಿಸಿದ್ದರು. ಔಷಧಿಯಿಲ್ಲದೆಯೇ ಅವರ ರೋಗಲಕ್ಷಣಗಳು ಸುಮಾರು ಐದನೆಯ ಒಂದು ಪಾಲು ಇಳಿದಿದ್ದವು. ಅಲ್ಲಿ ಮನೆಯವರು ಜೊತೆಗಿದ್ದು, ಗುಡಿಯ ಸಣ್ಣಪುಟ್ಟ ಕೆಲಸಗಳಲ್ಲಿ ಸೇರಿಕೊಂಡು, ಅಂಜಿಕೆಯಿಲ್ಲದೆ ಇದ್ದದ್ದೇ ಕಾರಣವೆಂದು ಅವರು ಬರೆದರು. ಎರಡು ಕಡೆಯೂ ದೇವರ ಸನ್ನಿಧಿಯೇ. ಒಂದು ಕಡೆ ಸರಪಳಿ, ಒಂದು ಕಡೆ ಜೊತೆ. ಈಗ 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ.

ಇನ್ನು ದೊಡ್ಡ ಆಸ್ಪತ್ರೆಗಳವರು ಕುಣಿತದ ಕಡೆಗೆ ಹೇಗೆ ಬಂದರು ಎಂಬುದನ್ನು ಕೇಳಿ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಮೇರಿಯನ್ ಚೇಸ್ ಎಂಬಾಕೆ ನೃತ್ಯ ಕಲಿಸುತ್ತಿದ್ದರು. ಅವರ ಶಿಷ್ಯರ ಮನಸ್ಸು ಹಗುರವಾಗುವುದನ್ನು ಕೆಲವು ವೈದ್ಯರು ಗಮನಿಸಿದರು. 1942ರಲ್ಲಿ ಆಕೆಯನ್ನು ಅಲ್ಲಿಯ ದೊಡ್ಡ ಮಾನಸಿಕ ಆಸ್ಪತ್ರೆಗೆ ಕರೆಸಿಕೊಂಡರು. ಯುದ್ಧದಿಂದ ಮನಸ್ಸು ಮುರಿದು ಬಂದ ಸಿಪಾಯಿಗಳು ಅಲ್ಲಿದ್ದರು. ಮಾತು ನಿಲ್ಲಿಸಿದವರ ಎದುರು ಆಕೆ ಮಾತಾಡಲಿಲ್ಲ. ಅವರು ಹೇಗೆ ತೂಗುತ್ತಿದ್ದರೋ ತಾವೂ ಹಾಗೆಯೇ ತೂಗಿ, ಮೆಲ್ಲಗೆ ಗುಂಪಿನ ಹೆಜ್ಜೆಗೆ ಸೇರಿಸಿಕೊಳ್ಳುತ್ತಿದ್ದರು. 1966ರಲ್ಲಿ ಅಲ್ಲಿ ನೃತ್ಯಚಿಕಿತ್ಸಕರ ಸಂಘವೇ ಸ್ಥಾಪನೆಯಾಯಿತು. ನಮ್ಮ ದೇಶದಲ್ಲಿಯೂ ಬೆಂಗಳೂರು, ಕೊಲ್ಕತ್ತ ಮುಂತಾದ ಕಡೆಗಳಲ್ಲಿ ಈ ಕೆಲಸ ಮಾಡುವವರಿದ್ದಾರೆ.

ಕೈಕಾಲು ನಡುಗುವ, ನಡೆಯುವಾಗ ಹೆಜ್ಜೆ ನೆಲಕ್ಕೆ ಅಂಟಿಕೊಂಡಂತಾಗುವ ಪಾರ್ಕಿನ್ಸನ್ ರೋಗಿಗಳಿಗಾಗಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ 2001ರಿಂದ ಒಂದು ನೃತ್ಯ ತಂಡದವರು ತರಗತಿ ನಡೆಸುತ್ತಿದ್ದಾರೆ. ತಾಳ ಕೇಳಿದಾಗ ಅಂಟಿಕೊಂಡ ಹೆಜ್ಜೆ ಬಿಡುತ್ತದೆ. ನ್ಯೂಯಾರ್ಕಿನಲ್ಲಿಯೇ 75 ವರ್ಷ ದಾಟಿದ 469 ಜನರನ್ನು ಹಲವು ವರ್ಷ ಗಮನಿಸಿ 2003ರಲ್ಲಿ ಒಂದು ವರದಿ ಬಂತು. ದೇಹಶ್ರಮದ ಚಟುವಟಿಕೆಗಳಲ್ಲಿ ನೃತ್ಯ ಮಾಡುತ್ತಿದ್ದವರಿಗೆ ಮಾತ್ರ ಮುಪ್ಪಿನ ಮರೆವಿನ ಕಾಯಿಲೆ ಕಡಿಮೆ ಕಂಡುಬಂತು. ಇಲ್ಲಿಯೂ ಲೆಕ್ಕ ಜೋಪಾನ. ಕುಣಿದದ್ದರಿಂದ ಮರೆವು ಬಾರಲಿಲ್ಲವೋ, ಮರೆವು ಬಾರದವರು ಕುಣಿಯುತ್ತಿದ್ದರೋ ಇದೊಂದರಿಂದ ತೀರ್ಮಾನವಾಗುವುದಿಲ್ಲ. ಆಕ್ಸ್‌ಫರ್ಡಿನಲ್ಲಿ ದೋಣಿ ಹುಟ್ಟುಹಾಕುವ ಯುವಕರನ್ನು ಪರೀಕ್ಷಿಸಿದರು. ಒಬ್ಬೊಬ್ಬರೇ ಹುಟ್ಟುಹಾಕಿದಾಗ ಇದ್ದುದಕ್ಕಿಂತ ಒಟ್ಟಿಗೆ ಹಾಕಿದಾಗ ನೋವು ತಾಳುವ ಶಕ್ತಿ ಹೆಚ್ಚಾಗಿತ್ತು. ಶ್ರಮ ಎರಡು ಸಲವೂ ಒಂದೇ. ನಾಟಿ ಹಾಕುವ ಹೆಂಗಸರು ಏಕೆ ಒಟ್ಟಿಗೆ ಹಾಡುತ್ತಾರೆಂದು ನಮಗೆ ಯಾರೂ ಹೇಳಬೇಕಾಗಿಲ್ಲ.

ಈಗ ನಮ್ಮ ಸ್ಥಿತಿಗೆ ಬರೋಣ. ಹೊಸೂರಿನ ಸುತ್ತ ಕಾರ್ಖಾನೆಗಳು ಬಂದವು, ಹೂವಿನ ತೋಟಗಳು ಬಂದವು, ಮನೆಮನೆಗೆ ದುಡ್ಡು ಬಂತು. ರಾಗಿ ಬೀಸುವುದು, ನೀರು ಸೇದುವುದು ಹೋಯಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಬಂದವು. ಇವು ಅಮ್ಮನಂತೆ ಊರಿಗೆಲ್ಲ ಒಟ್ಟಿಗೆ ಬರುವುದಿಲ್ಲ. ಒಬ್ಬೊಬ್ಬರನ್ನು ಒಂದೊಂದು ಕುರ್ಚಿಯಲ್ಲಿ ಕೂರಿಸಿ ಬೇರೆ ಮಾಡುತ್ತವೆ. ನಾನೂ ನಿವೃತ್ತನಾದ ಮೇಲೆ ಹಾಗೆಯೇ ಕುಳಿತಿದ್ದೆ. ಕೊರೋನಾದ ಎರಡು ವರ್ಷ ಬಾಗಿಲೇ ತೆಗೆಯಲಿಲ್ಲ. ಬಾಗಿಲು ತೆಗೆದ ಮೇಲೂ ಮುದುಕರು ಹೊರಗೆ ಬರಲಿಲ್ಲ, ಬರುವ ಅಭ್ಯಾಸವೇ ತಪ್ಪಿಹೋಗಿತ್ತು.

ನಮ್ಮ ಬೀದಿಯ ನಾಲ್ಕಾರು ಹೆಂಗಸರು ಒಂದು ಸಂಜೆ ಗುಡಿಯ ಮುಂದೆ ಕೋಲಾಟ ಶುರುಮಾಡಿದರು. ನಮ್ಮ ಮನೆಯವರೂ ಹೋದರು. ನಾವು ಗಂಡಸರು ಜಗಲಿಯ ಮೇಲೆ ಕುಳಿತು ನಕ್ಕೆವು. ಹದಿನೈದು ದಿನ ಕಳೆಯುವಷ್ಟರಲ್ಲಿ ನಗುವುದು ನಿಂತಿತು, ಒಂದು ತಿಂಗಳಿಗೆ ನಾನೂ ಕೋಲು ಹಿಡಿದೆ. ನನ್ನ ಮಂಡಿನೋವು ಮಾಯವಾಯಿತೆಂದು ಸುಳ್ಳು ಹೇಳುವುದಿಲ್ಲ. ಮೆಟ್ಟಿಲು ಹತ್ತುವಾಗ ಈಗಲೂ ನೋಯುತ್ತದೆ. ಆದರೆ ರಾತ್ರಿ ನಿದ್ರೆ ಬರುತ್ತದೆ, ಸಂಜೆಯಾದರೆ ಯಾರೋ ನನಗಾಗಿ ಕಾಯುತ್ತಾರೆಂಬುದು ನೆನಪಿರುತ್ತದೆ. ಎಪ್ಪತ್ತಾರರ ದೊಡ್ಡಕ್ಕ ಊರಿಗೆ ಬಂದಾಗ ಕಲ್ಲಿನ ಮೇಲೆ ಕುಳಿತು ಕೈತಾಳ ಹಾಕುತ್ತಾಳೆ. ತಾಳ ತಪ್ಪಿದರೆ ಬೈಯುವವಳೂ ಅವಳೇ.

ವಿಶ್ವ ಆರೋಗ್ಯ ಸಂಸ್ಥೆಯವರು ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಆಡಿಸಬೇಕೆನ್ನುತ್ತಾರೆ. ವಯಸ್ಸಾದವರಿಗೆ ವಾರದಲ್ಲಿ ಮೂರು ದಿನ ಸಮತೋಲದ ಅಭ್ಯಾಸವೂ ಬೇಕಂತೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ಸಂಜೆ ಕೋಲಾಟವಾಡಿದರೆ ಲೆಕ್ಕ ಸರಿಹೋಗುತ್ತದೆ. ಖರ್ಚು ಎರಡು ಕೋಲು. ಎದೆನೋವು, ತಲೆಸುತ್ತು ಇರುವವರು ಡಾಕ್ಟರನ್ನು ಕೇಳಿಯೇ ಸೇರಬೇಕು. ಮಾತ್ರೆ ತೆಗೆದುಕೊಳ್ಳುವವರು ಕುಣಿಯುತ್ತಿದ್ದೇವೆಂದು ಮಾತ್ರೆ ಬಿಡಬಾರದು. ಜ್ವರಕ್ಕೆ, ಮೂರ್ಛೆಗೆ, ಹಾವಿನ ಕಡಿತಕ್ಕೆ ಮೊದಲು ಆಸ್ಪತ್ರೆ, ಆಮೇಲೆ ಗುಡಿ.

ಹಾಗಾದರೆ ಕೊನೆಯ ಶಿಲ್ಕು ಎಷ್ಟು? ಸಿಡುಬು, ಪ್ಲೇಗು, ಮೂರ್ಛೆಗಳ ಪುಟದಲ್ಲಿ ಕುಣಿತದ ಹೆಸರಿಗೆ ಏನೂ ಉಳಿಯುವುದಿಲ್ಲ. ಭಯ, ದುಃಖ, ಒಂಟಿತನ, ಜಡವಾದ ಮೈ ಇವುಗಳ ಪುಟದಲ್ಲಿ ಒಳ್ಳೆಯ ಮೊತ್ತವೇ ಉಳಿಯುತ್ತದೆ. ಅದನ್ನು ನಮ್ಮ ಹಿರಿಯರು ಮೂರು ಭಾಷೆಯಲ್ಲಿ ಕೂಡಿಟ್ಟು ಹೋಗಿದ್ದಾರೆ. ಬಳಸದೆ ಬಿಟ್ಟ ಖಾತೆ ಏನಾಗುತ್ತದೆಂದು ಬ್ಯಾಂಕಿನವನಾದ ನಾನು ಹೇಳಬೇಕಾಗಿಲ್ಲ.

ನಿಮ್ಮ ಬೀದಿಯಲ್ಲಿ ಗೋಡೆಗೆ ಒರಗಿ ಕುಳಿತವರು ಯಾರಾದರೂ ಇದ್ದರೆ, ಮುಂದಿನ ಸಲ ತಮಟೆ ಕೇಳಿದಾಗ ಅವರನ್ನು ಕೈಹಿಡಿದು ಕರೆದುಕೊಂಡು ಬನ್ನಿ. ತಮಟೆ ಬಡಿಯುವವನಿಗೂ ಗುಡಿಯ ಒಳಗೆ ಜಾಗ ಮಾಡಿ.